ಕುಂಭಾರಿಯ ಬಿಸಿಲು, ಹಸಿರು ಅಂಕಪಟ್ಟಿ

ಸೊಲ್ಲಾಪುರದಿಂದ ಅಕ್ಕಲಕೋಟೆಯತ್ತ ಹೊರಟರೆ ಮೊದಲು ಸಿಗುವುದು ಎಂಐಡಿಸಿ ಕೈಗಾರಿಕಾ ವಸಾಹತಿನ ಟವೆಲ್ ಕಾರ್ಖಾನೆಗಳು ಮತ್ತು ಪವರ್‌ಲೂಮ್ ಶೆಡ್ಡುಗಳು. ಅವನ್ನು ದಾಟಿದ ಮೇಲೆ ಬರುವ ಊರು ಕುಂಭಾರಿ. ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಈ ಎರೆಭೂಮಿಯಲ್ಲಿ ಕಳೆದ ಎರಡು ದಶಕಗಳಲ್ಲಿ ಕಾರ್ಮಿಕರ ದೊಡ್ಡ ಊರೊಂದು ಎದ್ದಿದೆ. ಮೊದಲು ಬಂದದ್ದು ಬೀಡಿ ಕಟ್ಟುವ ಹೆಣ್ಣುಮಕ್ಕಳ 10,000 ಮನೆಗಳ ವಸತಿ. ವಾರ್ಲಿ ಆದಿವಾಸಿಗಳನ್ನು ಸಂಘಟಿಸಿದ ಗೋದಾವರಿ ಪರುಳೇಕರ್ ಅವರ ಹೆಸರು ಅದಕ್ಕಿದೆ. 2006ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಬಂದು ಆ ಮನೆಗಳನ್ನು ಹಸ್ತಾಂತರಿಸಿದರು. ಆಮೇಲೆ ರಾಯ್‌ನಗರದ ಯೋಜನೆ ಬಂತು. ಸುಮಾರು 350 ಎಕರೆಯಲ್ಲಿ ಬೀಡಿ ಕಾರ್ಮಿಕರು, ನೇಕಾರರು, ಚಿಂದಿ ಆಯುವವರು ಮತ್ತು ಚಾಲಕರಿಗಾಗಿ 30,000 ಮನೆಗಳು. ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ 2019ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಮೊದಲ 15,000 ಮನೆಗಳನ್ನು ಲೋಕಾರ್ಪಣೆ ಮಾಡಿದರು. ಎರಡೂ ಯೋಜನೆಗಳ ಹಿಂದೆ ಮಾಜಿ ಶಾಸಕ, ಕಮ್ಯುನಿಸ್ಟ್ ನಾಯಕ ನರಸಯ್ಯ ಆಡಂ ಅವರ ದೀರ್ಘ ಹೋರಾಟವಿದೆ. ಸರ್ಕಾರದ ಸಹಾಯಧನದ ಜೊತೆಗೆ ಕಾರ್ಮಿಕರು ತಮ್ಮ ದುಡಿಮೆಯ ಪಾಲನ್ನೂ ಹಾಕಿ ಸಹಕಾರಿ ಸಂಸ್ಥೆಗಳ ಮೂಲಕ ಕಟ್ಟಿಕೊಂಡ ಊರು ಇದು.

ಹಸಿರು ಕಟ್ಟಡ ಎಂದರೆ ನಮ್ಮ ಕಣ್ಣಿಗೆ ಬರುವುದು ಬೆಂಗಳೂರಿನದೋ ಹೈದರಾಬಾದಿನದೋ ಗಾಜಿನ ಕಚೇರಿ, ಅದರ ಬಾಗಿಲಲ್ಲಿ ಮಿನುಗುವ ‘ಪ್ಲಾಟಿನಂ’ ಫಲಕ. ಲೀಡ್ ಎಂಬ ಹಸಿರು ರೇಟಿಂಗಿನಲ್ಲಿ ಭಾರತದ ಮೊದಲ ಪ್ಲಾಟಿನಂ ಕಟ್ಟಡ ಹೈದರಾಬಾದಿನ ಸಿಐಐ–ಸೊಹ್ರಾಬ್ಜಿ ಗೋದ್ರೆಜ್ ಹಸಿರು ಕೇಂದ್ರ. ಅದು 2004ರಲ್ಲಿ ಉದ್ಘಾಟನೆಯಾದ ಮೇಲೆ ಆ ಚಿತ್ರವೇ ಮನಸ್ಸಿನಲ್ಲಿ ಗಟ್ಟಿಯಾಗಿದೆ. ಈ ಅಧ್ಯಾಯದಲ್ಲಿ ಆ ಫಲಕವನ್ನು ಕುಂಭಾರಿಗೆ ತಂದು ನೋಡುತ್ತೇನೆ. 300 ಚದರಡಿಯ ಮನೆಗಳು, ಒಂದೊಂದರಲ್ಲಿ 36 ಸಂಸಾರಗಳಿರುವ ಮೂರಂತಸ್ತಿನ ಕಟ್ಟಡಗಳು, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು: ಇಂಥಲ್ಲಿ ಪ್ರಮಾಣಪತ್ರ ಬೇಕೆಂದು ಹೊರಟರೆ ಏನನ್ನು ಅಳೆಯಬೇಕು? ಅಂಕಪಟ್ಟಿಯ ಯಾವ ಸಾಲು ಇಲ್ಲಿ ಅರ್ಥ ಪಡೆಯುತ್ತದೆ, ಯಾವುದು ದಾರಿ ತಪ್ಪಿಸುತ್ತದೆ? ಇಲ್ಲಿ ಮಾಡುವ ಲೆಕ್ಕಗಳೆಲ್ಲ ಸ್ಥೂಲ ಲೆಕ್ಕಗಳು. ಪೆನ್ನು, ಕಾಗದ ಇದ್ದರೆ ಓದುಗರೇ ಮಾಡಿ ನೋಡಬಹುದು.

ರೇಟಿಂಗ್ ಪದ್ಧತಿಗಳು ಹಲವು. 1990ರಲ್ಲಿ ಬ್ರಿಟನ್ನಿನ ಬ್ರೀಯಂ ಶುರುವಾಯಿತು, ಆ ದಶಕದ ಕೊನೆಗೆ ಅಮೆರಿಕದ ಲೀಡ್ ಬಂತು. ನಮ್ಮಲ್ಲಿ 2001ರಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿ, ಅಂದರೆ ಐಜಿಬಿಸಿ, ಹುಟ್ಟಿತು. ಟೆರಿ ಸಂಸ್ಥೆ ಮತ್ತು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಸೇರಿ ‘ಗೃಹ’ ಎಂಬ ರೇಟಿಂಗ್ ರೂಪಿಸಿದವು. ವಿಶ್ವಬ್ಯಾಂಕ್ ಬಳಗದ ಐಎಫ್‌ಸಿಯ ‘ಎಡ್ಜ್’ ಎಲ್ಲಕ್ಕಿಂತ ಸರಳ. ಅದು ವಿದ್ಯುತ್ತು, ನೀರು ಮತ್ತು ಕಟ್ಟಡ ಸಾಮಗ್ರಿಯಲ್ಲಿ ಅಡಗಿದ ಶಕ್ತಿ ಈ ಮೂರರಲ್ಲೂ ಕನಿಷ್ಠ ಶೇಕಡಾ 20 ಉಳಿತಾಯ ಕೇಳುತ್ತದೆ. ಒಂದೇ ಕಟ್ಟಡಕ್ಕೆ ಇರುವಂತೆ ಇಡೀ ಬಡಾವಣೆಗೂ ಬೇರೆ ಅಂಕಪಟ್ಟಿಗಳಿವೆ. ‘ಗೃಹ’ದ ದೊಡ್ಡ ಬಡಾವಣೆಗಳ ರೇಟಿಂಗ್ 50 ಹೆಕ್ಟೇರಿಗಿಂತ ದೊಡ್ಡ ನಿವೇಶನಗಳಿಗೆ ಇರುವುದು. ರಾಯ್‌ನಗರದ 350 ಎಕರೆ ಎಂದರೆ 140 ಹೆಕ್ಟೇರಿನ ಆಸುಪಾಸು, ಆ ಗೆರೆಯನ್ನು ಸಲೀಸಾಗಿ ದಾಟುತ್ತದೆ. ಲೀಡ್‌ನ ನೆರೆಹೊರೆ ರೇಟಿಂಗ್ ಕೂಡ ಇದೇ ಬಗೆಯದು. ಅದರ 110 ಅಂಕಗಳಲ್ಲಿ ಹಸಿರು ಕಟ್ಟಡ ಮತ್ತು ಮೂಲಸೌಕರ್ಯಕ್ಕೆ ಮೀಸಲಾದದ್ದು 31 ಮಾತ್ರ. ಜಾಗ ಎಲ್ಲಿದೆ, ಕೆಲಸಕ್ಕೆ ಎಷ್ಟು ದೂರ, ಶಾಲೆಗೆ ನಡೆದು ಹೋಗಬಹುದೇ, ಬೀದಿಗೆ ನೆರಳಿದೆಯೇ ಎಂಬ ಪ್ರಶ್ನೆಗಳಿಗೇ ಹೆಚ್ಚು ಅಂಕ. ಸಾವಿರಾರು ಮನೆಗಳ ಯೋಜನೆಗೆ ಬಡಾವಣೆಯ ರೇಟಿಂಗನ್ನೇ ಹಿಡಿಯಬೇಕು. ಒಂದು ಕಟ್ಟಡಕ್ಕೆ ಫಲಕ ತಂದು ಉಳಿದವುಗಳಿಗೆ ಅದರ ಕೀರ್ತಿ ಹಂಚುವುದು ಸರಿಯಲ್ಲ.

ಮೊದಲು ಬಿಸಿಲಿನ ವಿಚಾರ. ಸೊಲ್ಲಾಪುರ ಭಾರತದ ಕಟ್ಟಡ ಸಂಹಿತೆಯಲ್ಲಿ ‘ಬಿಸಿ–ಒಣ’ ವಲಯಕ್ಕೆ ಸೇರಿದೆ. ಊರು ಸುಮಾರು 17.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಹಾಗಾಗಿ ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ. ಕಂಬಕ್ಕೆ ನೆರಳೇ ಇರುವುದಿಲ್ಲ. ಆ ದಿನಗಳಲ್ಲಿ ತೆಂಕಣ ಗೋಡೆಗೆ ಬಿಸಿಲು ತಾಗುವುದು ಅಷ್ಟಕ್ಕಷ್ಟೆ. ಬೆಳಿಗ್ಗೆ ಮೂಡಣ ಗೋಡೆ, ಸಂಜೆ ಪಡುವಣ ಗೋಡೆ ಕಾಯುತ್ತವೆ, ದಿನವಿಡೀ ಕಾಯುವುದು ಮಾಳಿಗೆ. ಆದ್ದರಿಂದ ಕಟ್ಟಡದ ಉದ್ದನೆಯ ಮೈ ಬಡಗು–ತೆಂಕಿಗೆ ಮುಖ ಮಾಡಿರಬೇಕು. ನಕ್ಷೆ ಬರೆಯುವ ದಿನವೇ ಆಗಬೇಕಾದ ಕೆಲಸ ಇದು, ಇದಕ್ಕೆ ಒಂದು ರೂಪಾಯಿಯೂ ಹೆಚ್ಚು ಬೀಳದು.

ಮಾಳಿಗೆಯ ಲೆಕ್ಕ ಮಾಡೋಣ. ಮೇ ಮಧ್ಯಾಹ್ನ ಒಂದು ಚದರ ಮೀಟರ್ ಸಮತಟ್ಟಾದ ಮೇಲ್ಮೈಗೆ ಬೀಳುವ ಸೌರಶಕ್ತಿ ಸುಮಾರು 950 ವಾಟ್. ಬಣ್ಣವಿಲ್ಲದ, ಮಾಸಿದ ಕಾಂಕ್ರೀಟು ಅದರ ಮೂರರಲ್ಲಿ ಎರಡು ಪಾಲನ್ನು ಹೀರುತ್ತದೆ. ಗಾಳಿ 40 ಡಿಗ್ರಿ ಇದ್ದರೆ ಸ್ಲ್ಯಾಬಿನ ಮೈ 60 ಡಿಗ್ರಿ ದಾಟುತ್ತದೆ. 15 ಸೆಂಟಿಮೀಟರಿನ ಬರೀ ಸ್ಲ್ಯಾಬು ಮೇಲೆ–ಕೆಳಗಿನ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 3.3 ವಾಟ್ ಶಾಖವನ್ನು ಒಳಗೆ ಬಿಡುತ್ತದೆ. ಎಂಜಿನಿಯರುಗಳು ಇದನ್ನು ‘ಯು ಮೌಲ್ಯ’ ಎನ್ನುತ್ತಾರೆ. ಮೇಲೆ 65 ಡಿಗ್ರಿ, ಒಳಗೆ 35 ಡಿಗ್ರಿ ಎಂದರೆ ಚದರ ಮೀಟರಿಗೆ 100 ವಾಟ್ ಆಯಿತು. ಮನೆಯ ವಿಸ್ತೀರ್ಣ 28 ಚದರ ಮೀಟರ್. ಮೇಲಿನ ಅಂತಸ್ತಿನ ಸಂಸಾರ ಉರಿಯುವ ಎರಡು ಮೂರು ಇಸ್ತ್ರಿ ಪೆಟ್ಟಿಗೆಗಳನ್ನು ತಲೆಯ ಮೇಲೆ ತೂಗುಹಾಕಿಕೊಂಡು ಕೂತಂತೆ. ಸ್ಲ್ಯಾಬು ತಕ್ಷಣ ಈ ಶಾಖವನ್ನು ಕೊಡದೆ ಮೂರ್ನಾಲ್ಕು ತಾಸು ತಡೆದು ಬಿಡುತ್ತದೆ. ಹೊರಗೆ ಒಂದು ಗಂಟೆಗೆ ಏರಿದ ಬಿಸಿ ಒಳಗೆ ತುತ್ತತುದಿ ಮುಟ್ಟುವುದು ನಾಲ್ಕೂವರೆ ಐದರ ಹೊತ್ತಿಗೆ. ಆಮೇಲೆ ರಾತ್ರಿ ಊಟದವರೆಗೂ ಅದು ಇಳಿಯುವುದಿಲ್ಲ.

ಕೇಂದ್ರ ಇಂಧನ ದಕ್ಷತಾ ಬ್ಯೂರೋ 2018ರ ಡಿಸೆಂಬರಿನಲ್ಲಿ ಹೊರತಂದ ಇಕೋ ನಿವಾಸ ಸಂಹಿತೆ ಮಾಳಿಗೆಯ ಯು ಮೌಲ್ಯ 1.2 ಮೀರಬಾರದು ಎನ್ನುತ್ತದೆ. ಸ್ಲ್ಯಾಬಿನ ಮೇಲೆ ನಿರೋಧಕ ಪದರ ಹಾಕಿ, ಅದರ ಮೇಲೆ ಬಿಳಿ ಹೆಂಚಿನ ಚೂರು ಹಾಸಿದರೆ ಇಲ್ಲವೆ ಸುಣ್ಣ ಬಳಿದರೆ ಮೇಲ್ಮೈ 50 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಒಳಬರುವ ಶಾಖ ಚದರ ಮೀಟರಿಗೆ 18 ವಾಟ್. ನೂರರಿಂದ ಹದಿನೆಂಟಕ್ಕೆ! ಅಂಕಪಟ್ಟಿಯಲ್ಲಿ ಇದಕ್ಕೆ ಒಂದೆರಡು ಅಂಕ ಸಿಗಬಹುದು. ಅದೇ ಪಟ್ಟಿಯಲ್ಲಿ ಬೈಸಿಕಲ್ ನಿಲ್ದಾಣಕ್ಕೂ ಅಂಕವಿದೆ, ಮಾನ್ಯತೆ ಪಡೆದ ಸಲಹೆಗಾರರನ್ನು ನೇಮಿಸಿಕೊಂಡದ್ದಕ್ಕೂ ಅಂಕವಿದೆ. ಮೂರಂತಸ್ತಿನ 30,000 ಮನೆಗಳೆಂದರೆ 10,000 ಸಂಸಾರಗಳು ಮಾಳಿಗೆಯ ಅಡಿಯಲ್ಲೇ ಇರುತ್ತವೆ. ಅವರಿಗೆ ಈ ಎಲ್ಲ ಅಂಕಗಳೂ ಸಮವಲ್ಲ.

ಇಲ್ಲಿ ಹಳೆಯ ಮನೆಗಳನ್ನು ನೆನೆಯಲೇಬೇಕು. ಅಕ್ಕಲಕೋಟೆ, ಮೈಂದರ್ಗಿ, ದುಧನಿಯ ಸುತ್ತ ಇನ್ನೂ ಅಲ್ಲಲ್ಲಿ ಕಲ್ಲಿನ ದಪ್ಪ ಗೋಡೆಯ ಮಾಳಿಗೆ ಮನೆಗಳಿವೆ. ತೊಲೆ, ಜಂತೆ, ಅದರ ಮೇಲೆ ಹಾಸಿದ ಹಲಗೆ ಇಲ್ಲವೆ ಕಟ್ಟಿಗೆ, ಮೇಲೆ ಒಂದಡಿಗೂ ಮಿಕ್ಕಿ ಬಿಳಿಯ ಹಾಳುಮಣ್ಣು. ಮಳೆ ನೀರು ಇಳಿಯದಂತೆ ಬಿಗಿಯುವ ಗುಣ ಆ ಮಣ್ಣಿಗಿದೆ. ನಡುವೆ ಬೆಳಕಿಂಡಿ. ಒಂದಡಿ ಒಣಮಣ್ಣಿನ ಮೂಲಕ ದಿನದ ಬಿಸಿ ಕೆಳಗಿಳಿಯಲು ಹನ್ನೊಂದು ತಾಸು ಹಿಡಿಯುತ್ತದೆ. ಮಧ್ಯಾಹ್ನದ ಉರಿ ಒಳಗೆ ತಲುಪುವುದು ನಡುರಾತ್ರಿಗೆ. ಆ ಹೊತ್ತಿಗೆ ಮನೆಮಂದಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿರುತ್ತಾರೆ. ಅಷ್ಟು ದೂರ ಬರುವಷ್ಟರಲ್ಲಿ ಬಿಸಿಯ ಏರಿಳಿತ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆಯಾಗಿರುತ್ತದೆ. ದಪ್ಪ ಮಣ್ಣು ಬಿಸಿಯನ್ನು ಕುಗ್ಗಿಸುತ್ತದೆ, ಜೊತೆಗೆ ಜನ ಒಳಗಿಲ್ಲದ ಹೊತ್ತಿಗೆ ಅದನ್ನು ಮುಂದೂಡುತ್ತದೆ.

ಹಾಗೆಂದು ಆ ಮನೆಗಳನ್ನೇ ಮತ್ತೆ ಕಟ್ಟಿ ಎನ್ನಲು ಆಗುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸೊಲ್ಲಾಪುರಕ್ಕೆ ದೂರವೇನಲ್ಲದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಮಣ್ಣಿನ ಗಾರೆಯ ಕಲ್ಲುಗೋಡೆ, ಅದರ ಮೇಲಿನ ಮಣ್ಣಿನ ಭಾರ ಎರಡೂ ಮಲಗಿದ್ದವರ ಮೇಲೆ ಕುಸಿದವು. ಸತ್ತವರ ಸಂಖ್ಯೆ ಹತ್ತು ಸಾವಿರದ ಹತ್ತಿರ. ಬಿಸಿಲಿನಿಂದ ಕಾಪಾಡಿದ ಆ ತೂಕವೇ ಕಂಪನಕ್ಕೆ ಮೃತ್ಯುವಾಯಿತು. ಆಮೇಲೆ ವಿಶ್ವಬ್ಯಾಂಕಿನ ಸಾಲದಲ್ಲಿ 52 ಹಳ್ಳಿಗಳನ್ನು ಪೂರ್ತಿಯಾಗಿ ಬೇರೆಡೆ ಕಟ್ಟಲಾಯಿತು. ಕಾಂಕ್ರೀಟಿನ ಮನೆಗಳು, ಅಗಲ ರಸ್ತೆಗಳು, ಚೌಕುಳಿ ಚೌಕುಳಿ ನಕ್ಷೆ. ಭೂಕಂಪಕ್ಕೆ ಜಗ್ಗದ ಮನೆಗಳು ಸಿಕ್ಕವು, ಓಣಿಯ ನೆರಳು ಹೋಯಿತು. ಮರಾಠವಾಡದ ಆ ಅನುಭವ ಇಲ್ಲಿನ ಯಾವ ದೊಡ್ಡ ವಸತಿ ಯೋಜನೆಗೂ ಪಾಠವಾಗಬೇಕು. ಹಗುರವಾಗಿದ್ದೂ ಬಿಸಿ ತಡೆಯುವ ಸಾಮಗ್ರಿ ಈಗ ಸಿಗುತ್ತದೆ. ಎಎಸಿ ಎಂಬ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕಿನ 20 ಸೆಂಟಿಮೀಟರ್ ಗೋಡೆ ಅಷ್ಟೇ ದಪ್ಪದ ಇಟ್ಟಿಗೆ ಗೋಡೆಯ ಅರ್ಧಕ್ಕಿಂತ ಕಡಿಮೆ ಶಾಖವನ್ನು ಒಳಬಿಡುತ್ತದೆ. ಅದಕ್ಕೆ ಬೇಕಾದ ಹಾರುಬೂದಿ ದೂರದಿಂದ ಬರಬೇಕಿಲ್ಲ. ಕುಂಭಾರಿಯ ತಾಲ್ಲೂಕಿನಲ್ಲೇ, ಆಹೇರವಾಡಿಯ ಬಳಿ ಎನ್‌ಟಿಪಿಸಿಯ 1,320 ಮೆಗಾವಾಟಿನ ಕಲ್ಲಿದ್ದಲು ಸ್ಥಾವರವಿದೆ. ನೆಲಕ್ಕೆ ಕಲಬುರಗಿ ಸೀಮೆಯ ಶಹಾಬಾದ್ ಫರಸಿ. ಸುಡದೆ, ಕುಲುಮೆಗೆ ಹಾಕದೆ, ಪದರು ಬಿಡಿಸಿ ಕೊಯ್ದರೆ ಸಾಕಾಗುವ ಕಲ್ಲು. ರೈಲುಹಾದಿಯಲ್ಲಿ ದುಧನಿ ದಾಟಿದರೆ ಅದರ ಸೀಮೆ. ‘ಸ್ಥಳೀಯ ಸಾಮಗ್ರಿ’ಗೆ ಇರುವ ಅಂಕ ಈ ಊರಿಗೆ ಸುಲಭವಾಗಿ ಸಿಗುವಂಥದು, ಅಷ್ಟೇ ನ್ಯಾಯವಾದದ್ದು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಹಸಿರು ಪ್ರಮಾಣಪತ್ರಗಳು ಅಳೆಯುವುದು ಉಳಿತಾಯವನ್ನು. ‘ಸಾಮಾನ್ಯ’ ಕಟ್ಟಡವೊಂದು ಇಷ್ಟು ಯೂನಿಟ್ ಉರಿಸುತ್ತದೆ, ನಮ್ಮದು ಅದಕ್ಕಿಂತ ಶೇಕಡಾ ಇಷ್ಟು ಕಡಿಮೆ ಎಂಬುದು ಲೆಕ್ಕದ ತಿರುಳು. ಎರಡು ಟ್ಯೂಬ್‌ಲೈಟು, ಒಂದು ಫ್ಯಾನು, ಒಂದು ಟಿವಿ ಇರುವ ಮನೆಯಲ್ಲಿ ಉಳಿಸುವುದಕ್ಕೆ ಇರುವುದೇನು? ಬಡವರ ಮನೆಯ ಕರೆಂಟ್ ಬಿಲ್ಲು ಕಡಿಮೆ ಇದ್ದರೆ ಅದು ಕಟ್ಟಡದ ಗುಣವಾಗಿರಬೇಕಿಲ್ಲ, ಸೆಖೆಯನ್ನು ಸಹಿಸಿಕೊಂಡದ್ದರ ಗುರುತಾಗಿರಬಹುದು. ಎಡ್ಜ್ ಪದ್ಧತಿ ಇದನ್ನು ಗುರುತಿಸಿದೆ. ಎಸಿ ಇಲ್ಲದ ಮನೆಗೂ ಅದು ‘ಕಾಲ್ಪನಿಕ ಶಕ್ತಿ’ಯ ಲೆಕ್ಕ ಹಿಡಿಯುತ್ತದೆ. ಒಳಗಿನ ಸೆಖೆ ಕಳೆಯಲು ಎಷ್ಟು ವಿದ್ಯುತ್ತು ಬೇಕಾಗುತ್ತಿತ್ತು ಎಂದು ಕೇಳುತ್ತದೆ. ಒಳ್ಳೆಯ ಹೆಜ್ಜೆ ಅದು. ಆದರೂ ಅದು ಮನುಷ್ಯರ ಪಾಡನ್ನು ಯೂನಿಟ್ಟಿನ ಭಾಷೆಗೆ ತಿರುಗಿಸಿ ಹೇಳುತ್ತದೆ. ನೇರವಾಗಿ ಡಿಗ್ರಿಯಲ್ಲೇ ಹೇಳುವ ದಾರಿಯೂ ನಮ್ಮಲ್ಲಿದೆ.

ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತದ ಕಚೇರಿಗಳಲ್ಲಿ ಜನರನ್ನೇ ಕೇಳಿ, ತಾಪಮಾನ ಅಳೆದು, ‘ಐಮ್ಯಾಕ್’ ಎಂಬ ಮಾದರಿ ರೂಪಿಸಿದರು. ಜನ ತಾವಿರುವ ಹವೆಗೆ ಒಗ್ಗಿಕೊಳ್ಳುತ್ತಾರೆ, ಹಾಗಾಗಿ ಹಿತವೆನಿಸುವ ಉಷ್ಣತೆ ಎಲ್ಲ ಕಾಲಕ್ಕೂ ಒಂದೇ ಅಲ್ಲ ಎಂಬುದು ಅದರ ತಿರುಳು. ಕಿಟಕಿ ತೆರೆದ ಕಟ್ಟಡಗಳಿಗೆ ಅದರ ಸೂತ್ರ ಹೀಗಿದೆ: ಹಿಂದಿನ 30 ದಿನಗಳ ಹೊರಗಿನ ಸರಾಸರಿ ಉಷ್ಣತೆಯನ್ನು 0.54ರಿಂದ ಗುಣಿಸಿ, 12.83 ಕೂಡಿಸಿ. ಮೇ ತಿಂಗಳಲ್ಲಿ ಹಗಲು–ರಾತ್ರಿ ಸೇರಿ ಸರಾಸರಿ 33 ಡಿಗ್ರಿ ಎಂದಿಟ್ಟುಕೊಂಡರೆ ಹಿತದ ನಡುಗೆರೆ 30.7 ಡಿಗ್ರಿಗೆ ಬರುತ್ತದೆ. ಶೇಕಡಾ 90 ಜನ ಒಪ್ಪುವ ಮೇಲಿನ ಮಿತಿ 33 ಡಿಗ್ರಿ. ಬೆಂಗಳೂರಿನವರಿಗೆ 33 ಡಿಗ್ರಿ ಕೋಣೆ ಹಿತವೆಂದರೆ ನಗು ಬರಬಹುದು, ಸೊಲ್ಲಾಪುರದ ಮೇ ತಿಂಗಳಿಗೆ ಅದು ಒಳ್ಳೆಯ ಗುರಿ. ವರ್ಷದಲ್ಲಿ ಎಷ್ಟು ತಾಸು ಕೋಣೆಯ ಉಷ್ಣತೆ ಈ ಗೆರೆ ದಾಟುತ್ತದೆ, ಎಷ್ಟು ಡಿಗ್ರಿ ದಾಟುತ್ತದೆ ಎಂಬುದನ್ನು ಗುಣಿಸಿ ಕೂಡಿಸಿದರೆ ‘ಡಿಗ್ರಿ–ತಾಸು’ ಸಿಗುತ್ತದೆ. ಕಾರ್ಮಿಕರ ವಸತಿಗೆ ಪ್ರಮಾಣಪತ್ರ ಕೊಡುವುದಾದರೆ ಅದರ ಮೊದಲ ಸಾಲಿನಲ್ಲಿ ಇರಬೇಕಾದ ಸಂಖ್ಯೆ ಇದು.

ಈ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಸತಿ ಕಟ್ಟಡದ ಕಂಪ್ಯೂಟರ್ ಲೆಕ್ಕಗಳು ಹಗಲು ಹೊತ್ತು ಬಹುಪಾಲು ಜನ ಹೊರಗಿರುತ್ತಾರೆ, ಸಂಜೆ ಮನೆಗೆ ಬರುತ್ತಾರೆ ಎಂದು ಹಿಡಿಯುತ್ತವೆ. ಸಂಬಳಕ್ಕೆ ಹೋಗುವವರ ದಿನಚರಿ ಅದು. ಬೀಡಿ ಕಟ್ಟುವವರಿಗೆ ಮನೆಯೇ ಕಾರ್ಖಾನೆ. ಬೀಡಿ ಕಂಪನಿಯ ಬ್ರಾಂಚಿನಿಂದ ತಂದ ಎಲೆಯನ್ನು ನೆನೆಹಾಕಿ, ಅಳತೆಗೆ ಕತ್ತರಿಸಿ, ತಂಬಾಕು ತುಂಬಿ, ಸುರುಳಿ ಸುತ್ತಿ, ದಾರ ಕಟ್ಟುವ ಕೆಲಸ ಬೆಳಿಗ್ಗೆಯಿಂದ ಸಂಜೆವರೆಗೆ ನೆಲದ ಮೇಲೆ ಕೂತೇ ನಡೆಯುತ್ತದೆ. ಫ್ಯಾನು ಜೋರಾಗಿ ತಿರುಗಿದರೆ ಮೊರದಲ್ಲಿನ ತಂಬಾಕು ಹಾರುತ್ತದೆ. ಬಾಗಿಲು ಕಿಟಕಿ ಮುಚ್ಚಿದರೆ ತಂಬಾಕಿನ ಧೂಳು ಮಕ್ಕಳ ಉಸಿರಿಗೂ ಸೇರುತ್ತದೆ. ಇಲ್ಲಿ ಬೇಕಾದದ್ದು ಕೂತವರ ಮೈಗೆ ಮೃದುವಾಗಿ ತಾಗಿ ಮೇಲಿನಿಂದ ಹೊರಹೋಗುವ ಗಾಳಿ: ಎದುರುಬದುರು ಗೋಡೆಯಲ್ಲಿ ತೆರೆಯುವ ಕಿಟಕಿಗಳು, ಚಾವಣಿಯ ಹತ್ತಿರ ಕಿಂಡಿಗಳು. ಇಕೋ ನಿವಾಸ ಸಂಹಿತೆ ಬಿಸಿ–ಒಣ ವಲಯದಲ್ಲಿ ತೆರೆಯಬಲ್ಲ ಕಿಟಕಿಯ ವಿಸ್ತೀರ್ಣ ನೆಲದ ಶೇಕಡಾ 10ರಷ್ಟಿದ್ದರೆ ಸಾಕು ಎನ್ನುತ್ತದೆ. ಹಗಲಲ್ಲಿ ಬಿಸಿಗಾಳಿ ಒಳಬರದಿರಲಿ ಎಂಬುದು ಅದರ ತರ್ಕ. ತಂಬಾಕಿನ ಮನೆಗೆ ಆ ತರ್ಕ ಸಾಲದು.

ಅಂಕಪಟ್ಟಿಯ ಇನ್ನೊಂದು ದೋಷವನ್ನೂ ಹೇಳಿಬಿಡಬೇಕು. ಬಹುಪಾಲು ಲೆಕ್ಕಗಳು ಚದರ ಮೀಟರಿನ ಲೆಕ್ಕಗಳು. 280 ಚದರ ಮೀಟರಿನ ಐಷಾರಾಮಿ ಫ್ಲ್ಯಾಟು ಚದರ ಮೀಟರಿಗೆ ಶೇಕಡಾ 30ರಷ್ಟು ಸಿಮೆಂಟು, ಉಕ್ಕು ಉಳಿಸಿದರೆ ಅದಕ್ಕೆ ಚಿನ್ನದ ಫಲಕ. 28 ಚದರ ಮೀಟರಿನ ಮನೆ ಏನೂ ಉಳಿಸದಿದ್ದರೂ ಆ ಫ್ಲ್ಯಾಟಿನ ಏಳರಲ್ಲೊಂದು ಪಾಲು ಸಾಮಗ್ರಿಯಲ್ಲಿ ಮುಗಿಯುತ್ತದೆ, ಅದರಲ್ಲಿ ಐದು ಜನ ಬಾಳುತ್ತಾರೆ. ಭೂಮಿಗೆ ಬೀಳುವ ಹೊರೆಯನ್ನು ತಲೆ ಎಣಿಸಿ ಲೆಕ್ಕ ಹಾಕಿದರೆ ಕುಂಭಾರಿಯ ಮನೆಗಳು ಈಗಾಗಲೇ ಮುಂದಿವೆ. ಮಹಾರಾಷ್ಟ್ರ 2020ರ ಏಕೀಕೃತ ಅಭಿವೃದ್ಧಿ ನಿಯಮಗಳಲ್ಲಿ ಹಸಿರು ರೇಟಿಂಗಿಗೆ ಬಹುಮಾನ ಇಟ್ಟಿದೆ: ರೇಟಿಂಗಿನ ಮಟ್ಟ ನೋಡಿ ಶೇಕಡಾ 3, 5 ಅಥವಾ 7ರಷ್ಟು ಹೆಚ್ಚುವರಿ ಎಫ್‌ಎಸ್‌ಐ, ಅಂದರೆ ಅದೇ ನಿವೇಶನದಲ್ಲಿ ಅಷ್ಟು ಹೆಚ್ಚು ಕಟ್ಟಲು ಅನುಮತಿ. ಫ್ಲ್ಯಾಟು ಮಾರುವ ಬಿಲ್ಡರಿಗೆ ಅದು ಹಣ. ತಮಗಾಗಿ ಕಟ್ಟಿಕೊಳ್ಳುವ, ಮಾರಲು ಏನೂ ಇಲ್ಲದ ಕಾರ್ಮಿಕರ ಸಹಕಾರಿ ಸಂಸ್ಥೆಗೆ ಅದರಿಂದ ಆಗುವುದು ಏನೂ ಇಲ್ಲ. ಅವರಿಗೆ ಬೇಕಾದ ಬಹುಮಾನ ಬೇರೆ: ಮನೆಯೊಂದಕ್ಕೆ ಕೇಂದ್ರ ಕೊಡುವ ಒಂದೂವರೆ ಲಕ್ಷ, ರಾಜ್ಯ ಕೊಡುವ ಒಂದು ಲಕ್ಷದ ಜೊತೆಗೆ ಮಾಳಿಗೆಯ ನಿರೋಧಕ ಪದರಕ್ಕೆಂದೇ ಮೀಸಲಾದ ಮೊತ್ತ. ನೀತಿ ರೂಪಿಸುವವರು ಇದನ್ನು ಗಂಭೀರವಾಗಿ ಯೋಚಿಸಬೇಕು.

ಇನ್ನು ನೀರು. ಸೊಲ್ಲಾಪುರದ ಕನ್ನಡ ಹೆಸರು ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮ ವಚನಕಾರನೂ ಹೌದು. ಊರಿನ ನಡುವೆ ಇಂದಿಗೂ ಆ ಕೆರೆ, ಅದರೊಳಗೆ ಸಿದ್ಧೇಶ್ವರ ಗುಡಿ ಇವೆ. ಬರಗಾಲದ ಸೀಮೆಯಲ್ಲಿ ಜನ ಕೂಡಿ ಮಣ್ಣು ಹೊತ್ತು ನೀರು ನಿಲ್ಲಿಸಿದ ಪರಂಪರೆ ಅಷ್ಟು ಹಳೆಯದು. ಬ್ರಿಟಿಷರ ಕಾಲದಲ್ಲಿ ಹಿಪ್ಪರಗಾ ಕೆರೆ ಬಂತು, 1980ರಲ್ಲಿ ಭೀಮಾ ನದಿಗೆ ಉಜನಿ ಅಣೆಕಟ್ಟು ಬಂತು. ಈಗ ನಗರಕ್ಕೆ ನೀರು ಉಜನಿಯಿಂದ ನೂರು ಕಿಲೋಮೀಟರಿಗೂ ಮಿಕ್ಕಿ ಕೊಳವೆಯಲ್ಲಿ ಬರುತ್ತದೆ. ಹೊಳೆಯಲ್ಲಿ ಹರಿಬಿಟ್ಟು ಟಾಕಳಿಯ ಬಳಿ ಎತ್ತಿ ತರುವುದೂ ಇದೆ. ಹಾಗೆ ಬಿಟ್ಟ ನೀರಿನ ಒಂದು ಪಾಲು ಬಿಸಿಲಿಗೆ ಆವಿಯಾಗಿಯೇ ಹೋಗುತ್ತದೆ. ವರ್ಷಗಳ ಕಾಲ ನಗರದ ನಲ್ಲಿಗಳಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬಂದಿದೆ.

ಎಲ್ಲ ರೇಟಿಂಗುಗಳೂ ಮಳೆಕೊಯ್ಲಿಗೆ ಅಂಕ ಕೊಡುತ್ತವೆ. 36 ಮನೆಗಳ ಒಂದು ಕಟ್ಟಡದ ಮಾಳಿಗೆ ಸುಮಾರು 400 ಚದರ ಮೀಟರ್ ಎನ್ನೋಣ. ವರ್ಷದ ಮಳೆ 700 ಮಿಲಿಮೀಟರ್, ಅದರ ಶೇಕಡಾ 80 ತೊಟ್ಟಿಗೆ ಸೇರಿತು ಎನ್ನೋಣ. ಸಿಗುವುದು 2 ಲಕ್ಷ 24 ಸಾವಿರ ಲೀಟರ್. ಕೇಳಲು ದೊಡ್ಡ ಸಂಖ್ಯೆ. ಆದರೆ ಆ ಕಟ್ಟಡದ 180 ಜನಕ್ಕೆ ತಲೆಗೆ 135 ಲೀಟರಿನಂತೆ ದಿನಕ್ಕೆ 24,300 ಲೀಟರ್ ಬೇಕು. ವರ್ಷವಿಡೀ ಕೊಯ್ದ ಮಳೆ ಒಂಬತ್ತು ದಿನಕ್ಕೆ ಮುಗಿಯಿತು. ಇಡೀ 350 ಎಕರೆಯ ಮೇಲೆ ಬೀಳುವ ಮಳೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಹತ್ತಿರ ಹತ್ತಿರ 100 ಕೋಟಿ ಲೀಟರ್. ಒಂದು ಹನಿಯೂ ಪೋಲಾಗದೆ ಸಿಕ್ಕರೂ ಒಂದೂವರೆ ಲಕ್ಷ ಜನರ 49 ದಿನದ ಬಳಕೆ. ಮಳೆಕೊಯ್ಲು ಬೇಡವೆಂದು ಈ ಲೆಕ್ಕ ಹೇಳುತ್ತಿಲ್ಲ. ಬಡಾವಣೆಯ ತಗ್ಗಿನಲ್ಲಿ ಕೆರೆ ಬೇಕು, ಮಾಳಿಗೆಯ ಪೈಪುಗಳಿಗಿಂತ ಅದೇ ಮುಖ್ಯ ಎಂದು ಹೇಳುತ್ತಿದೆ. ಇಂಗುಗುಂಡಿ ತೋಡುವವರು ಇನ್ನೊಂದನ್ನು ನೆನಪಿಡಬೇಕು. ಇಲ್ಲಿನ ಎರೆಮಣ್ಣು ಮೊದಲ ಮಳೆಗೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ಅದರಲ್ಲಿ ತೋಡಿದ ಗುಂಡಿ ನೀರು ಕುಡಿಯುವುದಿಲ್ಲ. ಎರೆ ದಾಟಿ, ಕೆಳಗಿನ ಮುರುಮಿನ ಪದರ ಮುಟ್ಟಿ, ಬಸಾಲ್ಟಿನ ಬಿರುಕು ಹುಡುಕಿದರೆ ಮಾತ್ರ ನೀರು ಇಂಗೀತು. ನಕ್ಷೆಯಲ್ಲಿ ಗುಂಡಿಗಳ ಸಂಖ್ಯೆ ತೋರಿಸಿ ಅಂಕ ಗಿಟ್ಟಿಸುವುದು ಸುಲಭ, ಅಂಥ ಗುಂಡಿಗಳು ಎರಡನೆಯ ಮಳೆಗಾಲಕ್ಕೆ ಹೂಳು ತುಂಬಿ ಮುಚ್ಚಿಹೋಗುತ್ತವೆ.

ದೊಡ್ಡ ನಿಧಿ ಇರುವುದು ಬಚ್ಚಲಲ್ಲಿ. ಮನೆಗೆ ಬಂದ ನೀರಿನ ಶೇಕಡಾ 80 ಕೊಳೆನೀರಾಗಿ ಹೊರಹೋಗುತ್ತದೆ. ಒಂದೂವರೆ ಲಕ್ಷ ಜನರ ಊರಲ್ಲಿ ಅದು ದಿನಕ್ಕೆ 1.6 ಕೋಟಿ ಲೀಟರ್, ಬರಗಾಲದಲ್ಲೂ ತಪ್ಪದೆ ಹರಿಯುವ ಹೊಳೆ. ಇದನ್ನು ಶುದ್ಧೀಕರಿಸಿ ಗಿಡಮರಗಳಿಗೆ, ಶೌಚಾಲಯಗಳಿಗೆ, ಅಕ್ಕಲಕೋಟೆ ರೋಡಿನ ಬಟ್ಟೆ ಘಟಕಗಳಿಗೆ ಕೊಟ್ಟರೆ ಉಜನಿಯ ಮೇಲಿನ ಹೊರೆ ಅಷ್ಟು ಇಳಿಯುತ್ತದೆ. ನೀರು ಸಿಕ್ಕರೆ ಸೆಖೆಗೂ ಪರಿಹಾರ ಸಿಗುತ್ತದೆ. ಏಪ್ರಿಲ್–ಮೇ ತಿಂಗಳ ಇಲ್ಲಿನ ಒಣಗಾಳಿಯಲ್ಲಿ ನೀರಿನ ಕೂಲರ್ 40 ಡಿಗ್ರಿಯ ಗಾಳಿಯನ್ನು 27–28ಕ್ಕೆ ಇಳಿಸಬಲ್ಲದು. ಅದಕ್ಕೆ ಬೇಕಾದ ವಿದ್ಯುತ್ತು ಎಸಿಗೆ ಬೇಕಾಗುವುದರ ಒಂದು ಸಣ್ಣ ಪಾಲು. ಆದರೆ ಚಿಕ್ಕ ಕೂಲರ್ ಕೂಡ ತಾಸಿಗೆ ಐದಾರು ಲೀಟರ್ ಕುಡಿಯುತ್ತದೆ, ಹತ್ತು ತಾಸಿಗೆ ಒಬ್ಬರ ದಿನದ ನೀರಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು. ವಿದ್ಯುತ್ತಿನ ಅಂಕ ಒಂದು ಪುಟದಲ್ಲಿ, ನೀರಿನ ಅಂಕ ಇನ್ನೊಂದು ಪುಟದಲ್ಲಿ ಬರೆಯುವ ಪಟ್ಟಿಗೆ ಈ ಕೊಡುಕೊಳ್ಳುವಿಕೆ ಕಾಣುವುದಿಲ್ಲ. ಬಿಂದಿಗೆ ಹಿಡಿದು ನಿಂತವರಿಗೆ ಚೆನ್ನಾಗಿ ಕಾಣುತ್ತದೆ.

ದೂರದ ಪ್ರಶ್ನೆಯನ್ನು ಚುಟುಕಾಗಿ ಮುಗಿಸುತ್ತೇನೆ. ಊರಿನ ಹೊರಗೆ ಹೊಸ ಜಾಗದಲ್ಲಿ ಕಟ್ಟಿದ್ದಕ್ಕೆ ನೆರೆಹೊರೆ ರೇಟಿಂಗಿನಲ್ಲಿ ಅಂಕ ಹೋಗುತ್ತದೆ, ಆ ಅಂಕ ಹೋಗಬೇಕಾದದ್ದೇ. ನಗರದೊಳಗಿನ ಹಳೆಯ ಗಿರಣಿಗಳ ಜಾಗ ಇಂಥವರಿಗೆ ಸಿಕ್ಕಿದ್ದರೆ ಎಷ್ಟೋ ಚೆನ್ನಿತ್ತು. ಆದರೂ ಪವರ್‌ಲೂಮಿನವರಿಗೆ ಎಂಐಡಿಸಿ ಇದೇ ದಾರಿಯಲ್ಲಿದೆ. ಬೀಡಿಯ ಬ್ರಾಂಚು, ಶಾಲೆ, ದವಾಖಾನೆ, ರೇಷನ್ ಅಂಗಡಿ ಬಡಾವಣೆಯೊಳಗೇ ಇದ್ದು, ನಗರಕ್ಕೆ ಬಸ್ಸು ಮೇಲಿಂದ ಮೇಲೆ ಓಡಿದರೆ ದೂರದ ಹೊರೆ ಬಹಳ ಇಳಿಯುತ್ತದೆ.

ಕೊನೆಯ ವಿಷಯ ನಿರ್ವಹಣೆ. ದಕ್ಷಿಣ ಲಂಡನ್ನಿನ ಬೆಡ್‌ಜೆಡ್ ಎಂಬ ವಸತಿ 2002ರಲ್ಲಿ ಕಟ್ಟಿ ಮುಗಿದಾಗ ಜಗತ್ತಿನ ಹಸಿರು ಬಡಾವಣೆಗಳ ತೌರುಮನೆ ಎನಿಸಿತ್ತು. ಮರದ ಚೂರು ಉರಿಸಿ ವಿದ್ಯುತ್ತು, ಬಿಸಿನೀರು ಎರಡನ್ನೂ ಕೊಡಬೇಕಿದ್ದ ಅದರ ಸ್ಥಾವರ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ತಾಂತ್ರಿಕ ತೊಡಕು, ನೋಡಿಕೊಳ್ಳುವ ಖರ್ಚು ಎರಡೂ ಕೂಡಿದ್ದವು. ಅಲ್ಲಿ ಇಂದಿಗೂ ಕೆಲಸ ಮಾಡುತ್ತಿರುವುದು ಯಂತ್ರವಿಲ್ಲದ ಸಂಗತಿಗಳು: ದಪ್ಪ ಗೋಡೆ, ನಿರೋಧಕ ಪದರ, ಸೂರ್ಯನತ್ತ ತಿರುಗಿದ ಕಿಟಕಿ. ನಮ್ಮಲ್ಲಿ ನಕ್ಷೆಯ ಹಂತದಲ್ಲೇ ಮುಂಗಡ ಪ್ರಮಾಣಪತ್ರ ಸಿಗುತ್ತದೆ, ಕಟ್ಟಿದ ಮೇಲೆ ಅಂತಿಮ ಪತ್ರ ಸಿಗುತ್ತದೆ. ‘ಗೃಹ’ ರೇಟಿಂಗಿಗೆ ಐದು ವರ್ಷದ ಅವಧಿಯಿದೆ, ಆಮೇಲೆ ನವೀಕರಿಸಬೇಕು. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಆ ನವೀಕರಣವೇ. ಅಲ್ಲಿಗೆ ಸಮಾಲೋಚಕರ ಭರವಸೆ ಮುಗಿದು ಮೀಟರಿನ ಮಾತು ಶುರುವಾಗುತ್ತದೆ.

ಹಾಗಾದರೆ ಕುಂಭಾರಿಯಂಥ ಊರು ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕೇ? ಹಾಕಬೇಕು, ಬಡಾವಣೆ ಮಟ್ಟದಲ್ಲಿ ಹಾಕಬೇಕು, ಚಿನ್ನ–ಪ್ಲಾಟಿನಮ್ಮಿನ ಹಂಬಲ ಬಿಟ್ಟು ಹಾಕಬೇಕು. ಮೇಲಿನ ಅಂತಸ್ತಿನ ಕೆಲವು ನೂರು ಮನೆಗಳಲ್ಲಿ ಉಷ್ಣತೆ ತಾನೇ ಬರೆದಿಟ್ಟುಕೊಳ್ಳುವ ಸಣ್ಣ ಉಪಕರಣ ಇಟ್ಟು, ಮಾರ್ಚಿನಿಂದ ಜೂನ್‌ವರೆಗೆ ಡಿಗ್ರಿ–ತಾಸು ಎಣಿಸಿ, ಆ ಸಂಖ್ಯೆಯನ್ನು ಸೊಸೈಟಿಯ ಫಲಕದ ಮೇಲೆ ಕನ್ನಡ, ಮರಾಠಿ, ತೆಲುಗು, ಉರ್ದುವಿನಲ್ಲಿ ಹಾಕಬೇಕು. ಇಲ್ಲಿನ ಜನರ ಭಾಷೆಗಳು ಅವು. ಮಾಳಿಗೆಗೆ ಬಳಿದ ಸುಣ್ಣ ಒಂದು ಮಳೆಗಾಲಕ್ಕೆ ಮಾಸುತ್ತದೆ, ಪ್ರತಿ ಬೇಸಿಗೆಗೆ ಮುನ್ನ ಮತ್ತೆ ಬಳಿಯಬೇಕು. ಆ ಖರ್ಚು ಮೇಲಿನ ಹನ್ನೆರಡು ಸಂಸಾರಗಳ ತಲೆಗೇ ಬಿದ್ದರೆ ಒಬ್ಬೊಬ್ಬರಿಗೆ 33 ಚದರ ಮೀಟರ್. ಕಟ್ಟಡದ 36 ಸಂಸಾರಗಳೂ ಹಂಚಿಕೊಂಡರೆ ಒಬ್ಬೊಬ್ಬರಿಗೆ 11 ಚದರ ಮೀಟರ್ ಸುಣ್ಣ, ಫೆಬ್ರುವರಿಯ ಒಂದು ಭಾನುವಾರ ಬೆಳಿಗ್ಗೆಯ ಕೆಲಸ. ಸೊಸೈಟಿಯ ನಿಯಮಾವಳಿಯಲ್ಲಿ ಇದನ್ನು ಮೊದಲ ವರ್ಷವೇ ಬರೆದಿಡಬೇಕು.